ಈಜುಕೊಳದ ಕ್ಲೋರಿನ್ ಬಕೆಟ್ ಹೊಗೆಯಾಡಿತು, ಸಿಲಿಂಡರ್ ಹೊಡೆದರೆ ಇನ್ನೂ ಹೆಚ್ಚಾಯಿತು: ನಾವು ಎಲ್ಲಿ ತಪ್ಪಿದೆವು?

ಮೂರನೇ ಮಹಡಿ · ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್‌ನ ನಿವಾಸಿಗಳ ಸಂಘಕ್ಕೆ ಈ ವರ್ಷ ನಾನು ಕಾರ್ಯದರ್ಶಿ. ಬೇರೆ ಯಾರೂ ಒಪ್ಪದ್ದರಿಂದ ನನ್ನ ಕೊರಳಿಗೆ ಬಿದ್ದ ಹುದ್ದೆ.

ಗುರುವಾರ ಬೆಳಿಗ್ಗೆ ನಡೆದದ್ದು ಇದು. ನೆಲಮಾಳಿಗೆಯ ಪಂಪ್ ಕೋಣೆಯಲ್ಲಿ ಈಜುಕೊಳಕ್ಕೆ ಹಾಕುವ ಕ್ಲೋರಿನ್ ಎರಡು ಬಕೆಟ್‌ಗಳಲ್ಲಿತ್ತು. ಒಂದರಲ್ಲಿ ಪೇಡೆಯಷ್ಟು ದಪ್ಪದ ಬಿಳಿ ಮಾತ್ರೆಗಳು, ಇನ್ನೊಂದರಲ್ಲಿ ರವೆಯಂಥ ಹರಳು. ಹರಳು ತಳ ಕಂಡಿತ್ತು. ಕೊಳ ನೋಡಿಕೊಳ್ಳುವ ಹುಡುಗ ಜಾಗ ಉಳಿಯಲಿ ಎಂದು ಉಳಿದ ಹರಳನ್ನು ಮಾತ್ರೆಯ ಬಕೆಟ್‌ಗೆ ಸುರಿದಿದ್ದಾನೆ. ಅವನ ತಪ್ಪೆಂದು ನಾನು ಹೇಳುವುದಿಲ್ಲ, ಎರಡರ ಮೇಲೂ ‘ಪೂಲ್ ಕ್ಲೋರಿನ್’ ಎಂದೇ ಬರೆದಿತ್ತು. ಹಿಂದಿನ ರಾತ್ರಿ ಮಳೆ ಬಂದು ಚಾವಣಿಯ ಪೈಪಿನಿಂದ ತೊಟ್ಟಿಕ್ಕುತ್ತಿತ್ತು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ.

ಏಳೂವರೆಗೆ ಬಕೆಟ್ ಒಳಗಿನಿಂದ ಚುರ್ರೆಂದು ಒಗ್ಗರಣೆಯ ಸದ್ದು. ಹೊಗೆ, ಮೂಗು ಸುಡುವ ವಾಸನೆ. ಸೆಕ್ಯುರಿಟಿಯವರು ತರಬೇತಿಯಲ್ಲಿ ಹೇಳಿಕೊಟ್ಟಂತೆಯೇ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತಂದು ಪಿನ್ ಎಳೆದು ಪುಡಿ ಹೊಡೆದರು. ಸದ್ದು ನಿಲ್ಲುವ ಬದಲು ಜೋರಾಯಿತು. ಪಟ್ ಎಂದು ಮುಚ್ಚಳ ಹಾರಿ ಗೋಡೆಗೆ ಬಡಿಯಿತು. ಹಸಿರು ಮಿಶ್ರಿತ ಹಳದಿ ಹೊಗೆ ಎದ್ದಿತು. ಯಾರೋ ಒಂದು ಮಗ್ ನೀರು ಎರಚಿದರು, ಆಮೇಲೆ ನಿಲ್ಲಲಾಗಲಿಲ್ಲ, ಎಲ್ಲರೂ ಮೇಲಕ್ಕೆ ಓಡಿದೆವು. ಅಗ್ನಿಶಾಮಕದವರು ಬಂದು ಹೊರಗಿನಿಂದಲೇ ಧಾರಾಕಾರವಾಗಿ ನೀರು ಬಿಟ್ಟು ಶಾಂತ ಮಾಡಿದರು. ಸೆಕ್ಯುರಿಟಿಯವರು ಒಂದು ದಿನ ಆಸ್ಪತ್ರೆಯಲ್ಲಿದ್ದು ಬಂದಿದ್ದಾರೆ, ಈಗ ಕ್ಷೇಮ.

ಹೋಗುವಾಗ ಅಧಿಕಾರಿ ಹೇಳಿದ್ದು ಒಂದೇ ಮಾತು: “ಇದಕ್ಕೆ ಆ ಸಿಲಿಂಡರ್ ಹೊಡೆಯಬಾರದಿತ್ತು.” ನಿನ್ನೆಯ ಸಭೆಯಲ್ಲಿ ನಮ್ಮ ಖಜಾಂಚಿಯವರು ಇನ್ನೂ ನಾಲ್ಕು ಸಿಲಿಂಡರ್ ಕೊಳ್ಳುವ ಪ್ರಸ್ತಾವ ಮಂಡಿಸಿದರು, ಅದು ಪಾಸೂ ಆಯಿತು. ತಿಳಿದವರು ಹೇಳಿ, ನಾವು ಏನು ಮಾಡಬೇಕಿತ್ತು?


ಸಂಶಯ ಪಿಶಾಚಿ · ರಾತ್ರಿ 9:58

ಕ್ಲೋರಿನ್ ಎಂದರೆ ಬ್ಲೀಚಿಂಗ್ ಪೌಡರ್ ತಾನೆ? ನಮ್ಮ ಅಜ್ಜಿ ಬಾವಿಗೆ ಕೈಯಲ್ಲೇ ಹಾಕುತ್ತಿದ್ದರು, ತೊಂಬತ್ತರವರೆಗೆ ಬದುಕಿದ್ದರು. ಯಾರೋ ಬೀಡಿ ತುಂಡು ಎಸೆದಿರಬೇಕು, ವಿಚಾರಿಸಿ.


ಲ್ಯಾಬ್ ಮೇಷ್ಟ್ರು · ರಾತ್ರಿ 10:25

ಬೀಡಿ ಬೇಕಾಗಿಲ್ಲ ಪಿಶಾಚಿಯವರೇ. ಬೆಂಕಿಯಿಲ್ಲದೆ ಹೊತ್ತಿಕೊಳ್ಳುವುದೇ ಈ ವರ್ಗದ ವಸ್ತುಗಳ ವರಸೆ.

ಪಿಯುಸಿ ಮಕ್ಕಳಿಗೆ ಒಂದು ಪ್ರಯೋಗ ತೋರಿಸುತ್ತೇನೆ. ಗಾಜಿನ ತಟ್ಟೆಯಲ್ಲಿ ಚಿಟಿಕೆಯಷ್ಟು ಪೊಟ್ಯಾಸಿಯಂ ಪರ್ಮಾಂಗನೇಟ್, ಅದರ ಮೇಲೆ ಎರಡು ಹನಿ ಗ್ಲಿಸರಿನ್. ಮೊದಲು ಏನೂ ಆಗುವುದಿಲ್ಲ. ಹಿಂದಿನ ಬೆಂಚಿನಲ್ಲಿ ಗುಸುಗುಸು ಶುರುವಾಗುತ್ತದೆ, ಮೇಷ್ಟ್ರ ಪ್ರಯೋಗ ಕೈಕೊಟ್ಟಿತು ಎಂದು. ಅಷ್ಟರಲ್ಲಿ ಸಣ್ಣಗೆ ಹೊಗೆ, ಮರುಕ್ಷಣ ನೇರಳೆ ಅಂಚಿನ ಜ್ವಾಲೆ. ಕಡ್ಡಿ ಗೀರಿದವರಿಲ್ಲ. ಆ ನಡುವಿನ ಸುಮ್ಮನಿರುವ ಅರ್ಧ ನಿಮಿಷವಿದೆಯಲ್ಲ, ಗೋದಾಮಿನಲ್ಲಿ ಜನ ಮೋಸ ಹೋಗುವುದು ಅಲ್ಲೇ.

ಪಠ್ಯದಲ್ಲಿ ಇವನ್ನು ಉತ್ಕರ್ಷಣಕಾರಿಗಳು ಎನ್ನುತ್ತೇವೆ, ಕಾರ್ಖಾನೆಯವರು ಆಕ್ಸಿಡೈಸರ್ ಎನ್ನುತ್ತಾರೆ. ಇವುಗಳಲ್ಲಿ ಬಹುಪಾಲು ತಾವಾಗಿ ಉರಿಯುವುದಿಲ್ಲ, ಬೇರೆಯದನ್ನು ಉರಿಸುತ್ತವೆ. ಕಮ್ಮಾರ ತಿದಿ ಒತ್ತಿ ಗಾಳಿ ಊದುತ್ತಾನೆ. ಇವು ತಿದಿಯನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿರುತ್ತವೆ. ಆದ್ದರಿಂದ ಕಂಬಳಿ ಹೊದಿಸಿ, ಮರಳು ಮುಚ್ಚಿ, ಕಾರ್ಬನ್ ಡೈಆಕ್ಸೈಡ್ ಹೊಡೆದು ಗಾಳಿ ತಪ್ಪಿಸುತ್ತೇನೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹೊರಗಿನ ಗಾಳಿ ಅವಕ್ಕೆ ಬೇಕಾಗಿಯೇ ಇಲ್ಲ.

ಈಗ ನಿಮ್ಮ ಬಕೆಟ್‌ಗೆ ಬರೋಣ. ಮಾತ್ರೆಗಳು ಬಹುಶಃ ಟ್ರೈಕ್ಲೋರೋ ಐಸೋಸಯನ್ಯೂರಿಕ್ ಆಮ್ಲ, ವ್ಯಾಪಾರದ ಭಾಷೆಯಲ್ಲಿ ಟಿಸಿಸಿಎ. ಹರಳು ಕ್ಯಾಲ್ಸಿಯಂ ಹೈಪೋಕ್ಲೋರೈಟ್. ಎರಡೂ ಕ್ಲೋರಿನ್ ಕೊಡುತ್ತವೆ, ಎರಡೂ ಆಕ್ಸಿಡೈಸರ್, ಆದರೆ ಒಂದು ಆಮ್ಲದ ಕಡೆಯದು, ಇನ್ನೊಂದು ಕ್ಷಾರದ ಕಡೆಯದು. ಒಟ್ಟಿಗೆ ಸೇರಿ ತೇವವೂ ಸಿಕ್ಕರೆ ಕಾವೇರಿ ಕ್ಲೋರಿನ್ ಬಿಡುತ್ತವೆ, ನೈಟ್ರೋಜನ್ ಟ್ರೈಕ್ಲೋರೈಡ್ ಎಂಬ ಸಿಡಿಯುವ ವಸ್ತುವೂ ಹುಟ್ಟಬಹುದು. ಅದರ ಮೇಲೆ ನೀವು ಹೊಡೆದ ಎಬಿಸಿ ಸಿಲಿಂಡರಿನ ಪುಡಿಯಲ್ಲಿ ಮುಖ್ಯವಾಗಿ ಇರುವುದು ಮಾನೋ ಅಮೋನಿಯಂ ಫಾಸ್ಫೇಟ್. ಹೈಪೋಕ್ಲೋರೈಟ್‌ಗೆ ಅಮೋನಿಯಂ ಬಡಿಸಿದರೆ ಮತ್ತೆ ಅದೇ ಟ್ರೈಕ್ಲೋರೈಡ್. ಮುಚ್ಚಳ ಹಾರಿದ್ದು ಆಶ್ಚರ್ಯವಲ್ಲ, ಮುಚ್ಚಳ ಮಾತ್ರ ಹಾರಿದ್ದು ಆಶ್ಚರ್ಯ.


ನೀರುಗಂಟಿ · ರಾತ್ರಿ 10:51

ಅಜ್ಜಿಯ ಬಾವಿಯ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ಹದಿನಾರು ವರ್ಷದಿಂದ ಪಂಚಾಯಿತಿಯ ಟ್ಯಾಂಕಿಗೆ ಪೌಡರ್ ಹಾಕುತ್ತಿದ್ದೇನೆ. ನಮಗೆ ಬರುವ ಬ್ಲೀಚಿಂಗ್ ಪೌಡರ್‌ನಲ್ಲಿ ಕ್ಲೋರಿನ್ ಅಂಶ ನೂರಕ್ಕೆ ಮೂವತ್ತು, ಮೂವತ್ತೈದರ ಆಸುಪಾಸು. ಚೀಲ ಒಡೆದು ಆರು ತಿಂಗಳಾದರೆ ಅದೂ ಇರುವುದಿಲ್ಲ, ಸುಣ್ಣದ ಪುಡಿಯಾಗಿರುತ್ತದೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕ. ಈಜುಕೊಳದ ಹರಳು ಅರವತ್ತೈದು, ಎಪ್ಪತ್ತರದು. ಹೆಸರು ಒಂದೇ ಎಂದು ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ನಮಗೆ ತರಬೇತಿಯಲ್ಲಿ, ಪುಡಿಗೆ ಸ್ವಲ್ಪ ನೀರು ಬೆರೆಸಿ ದೋಸೆಹಿಟ್ಟಿನ ಹದ ಮಾಡಿ, ಆಮೇಲೆ ಪೂರ್ತಿ ನೀರು ಸೇರಿಸಿ ತಿಳಿ ತೆಗೆಯಿರಿ ಎಂದು ಹೇಳಿಕೊಟ್ಟಿದ್ದಾರೆ. ಮೇಷ್ಟ್ರೇ, ಆ ಎಪ್ಪತ್ತರ ಹರಳಿಗೂ ಹೀಗೆ ಮಾಡಬಹುದೇ?


ಲ್ಯಾಬ್ ಮೇಷ್ಟ್ರು · ರಾತ್ರಿ 11:02

ಖಂಡಿತ ಬೇಡ ಅಣ್ಣಾ. ಒಳ್ಳೆಯ ಪ್ರಶ್ನೆ ಕೇಳಿದಿರಿ. ಹರಳಾದರೆ ದೊಡ್ಡ ಪಾತ್ರೆಯ ನೀರಿಗೆ ಅದನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಹರಳಿನ ಮೇಲೆ ನೀರು ಸುರಿಯುವುದೇ ಬೇಡ. ದೋಸೆಹಿಟ್ಟಿನ ಹದಕ್ಕೆ ಬಂದರೆ ಕಾವು ಹೋಗಲು ದಾರಿ ಇರುವುದಿಲ್ಲ.


ಸಂಶಯ ಪಿಶಾಚಿ · ರಾತ್ರಿ 11:10

ಸರಿ, ಅಜ್ಜಿಯನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ನೀರು ಬಿದ್ದದ್ದರಿಂದ ಹೊಗೆ ಎದ್ದಿತು ಎನ್ನುತ್ತೀರಿ, ಅಗ್ನಿಶಾಮಕದವರು ಹಾಕಿದ್ದೂ ನೀರನ್ನೇ. ಎರಡರಲ್ಲಿ ಒಂದು ಸುಳ್ಳಾಗಲೇಬೇಕಲ್ಲ?


ನಿವೃತ್ತ ಸೈರನ್ · ಸೋಮವಾರ, ಬೆಳಿಗ್ಗೆ 6:15

ಎರಡೂ ನಿಜ. ಇಪ್ಪತ್ತೊಂಬತ್ತು ವರ್ಷ ಅಗ್ನಿಶಾಮಕ ಠಾಣೆಯಲ್ಲಿ ದುಡಿದವನು ಹೇಳುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ, ಕಾಫಿ ಇಟ್ಟುಕೊಂಡು ಓದಿ.

ಒಂದು ಮಗ್ ನೀರು ಬಿದ್ದರೆ ಅದು ರಾಸಾಯನಿಕದ ಜೊತೆ ಸೇರಿ ಕ್ರಿಯೆ ನಡೆಸುತ್ತದೆ, ಹುಟ್ಟಿದ ಕಾವನ್ನು ಹೊತ್ತೊಯ್ಯಲು ನೀರು ಉಳಿಯುವುದೇ ಇಲ್ಲ. ಹೋಸ್ ಪೈಪಿನಲ್ಲಿ ನಿಮಿಷಕ್ಕೆ ನೂರಾರು ಲೀಟರ್ ಬಂದರೆ ಕಾವೂ ಕೊಚ್ಚಿಹೋಗುತ್ತದೆ, ವಸ್ತುವೂ ತೆಳುವಾಗುತ್ತದೆ. ಆದ್ದರಿಂದಲೇ ನಮಗೆ ಕಲಿಸಿದ್ದು: ಆಕ್ಸಿಡೈಸರ್ ಬೆಂಕಿಗೆ ನೀರು ಮಾತ್ರ, ಬೇಕಾದಷ್ಟು ನೀರು, ದೂರದಿಂದ. ಪುಡಿ ಬೇಡ, ನೊರೆ ಬೇಡ. ಅಷ್ಟು ನೀರು ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಒಂದು ಚೊಂಬೂ ಹಾಕಬೇಡಿ, ಜಾಗ ಖಾಲಿ ಮಾಡಿ. ನಾಗರಿಕರಿಗೆ ನಾನು ಹೇಳುವುದು ಎರಡನೆಯದನ್ನೇ.

ಮುಚ್ಚಿ ನಂದಿಸುವ ಹಟ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ನಮ್ಮ ತರಬೇತಿಯಲ್ಲಿ ಒಂದು ಹಡಗಿನ ಕಥೆ ಹೇಳುತ್ತಿದ್ದರು. 1947ರ ಏಪ್ರಿಲ್ 16, ಅಮೆರಿಕದ ಟೆಕ್ಸಾಸ್ ಸಿಟಿ ಬಂದರು. ಗ್ರಾಂಕಾಂಪ್ ಎಂಬ ಹಡಗಿಗೆ ಅಮೋನಿಯಂ ನೈಟ್ರೇಟ್ ಗೊಬ್ಬರ ತುಂಬಿಸುತ್ತಿದ್ದರು, ಕಾಗದದ ಚೀಲಗಳಲ್ಲಿ, ಎರಡು ಸಾವಿರ ಟನ್ನಿಗೂ ಮೇಲೆ. ಬೆಳಿಗ್ಗೆ ಎಂಟರ ಹೊತ್ತಿಗೆ ಒಳಗೆ ಹೊಗೆ ಕಂಡಿತು. ನೀರು ಬಿಟ್ಟರೆ ಸರಕು ಹಾಳು ಎಂದು ಕಪ್ತಾನ ಹಡಗಿನ ಬಾಯಿ ಮುಚ್ಚಿಸಿ ಒಳಕ್ಕೆ ಹಬೆ ಹಾಯಿಸಿದ. ಬೇರೆ ಯಾವ ಸರಕಾದರೂ ಅದು ಸರಿಯಾದ ಉಪಾಯ. ಇಲ್ಲಿ ಆದದ್ದು, ತನ್ನ ಆಕ್ಸಿಜನ್ ತಾನೇ ಹೊತ್ತುಕೊಂಡ ಸರಕಿಗೆ ಮುಚ್ಚಳ ಹಾಕಿ ಒಲೆಯ ಮೇಲಿಟ್ಟಂತೆ. ಕಿತ್ತಳೆ ಬಣ್ಣದ ಹೊಗೆ ಚೆನ್ನಾಗಿದೆ ಎಂದು ಊರಿನವರು ದಡಕ್ಕೆ ಬಂದು ನೋಡುತ್ತ ನಿಂತರಂತೆ. ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಹಡಗು ಸಿಡಿಯಿತು. ಸುಮಾರು 580 ಜನ ಸತ್ತರು. ಊರಿನ ಅಗ್ನಿಶಾಮಕ ದಳದ 28 ಜನರಲ್ಲಿ 27 ಜನ ಹೋದರು. ಆ ಇಪ್ಪತ್ತೇಳು ಎಂಬ ಸಂಖ್ಯೆ ಹೇಳುವಾಗ ನಮ್ಮ ಬೋಧಕರು ಸೀಮೆಸುಣ್ಣ ಕೆಳಗಿಡುತ್ತಿದ್ದರು.

ಹಳೆಯ ಕಥೆ ಎನ್ನಬೇಡಿ. 2022ರ ಜೂನ್ 4ರ ರಾತ್ರಿ ಬಾಂಗ್ಲಾದೇಶದ ಚಿತ್ತಗಾಂಗ್ ಹತ್ತಿರ ಸೀತಾಕುಂಡದ ಕಂಟೇನರ್ ಡಿಪೋದಲ್ಲಿ ಬೆಂಕಿ. ಹುಡುಗರು ಮಾಮೂಲಿ ಬೆಂಕಿ ಎಂದುಕೊಂಡು ಹತ್ತಿರ ಹೋಗಿ ಕೆಲಸ ಶುರು ಮಾಡಿದರು. ಕಂಟೇನರ್‌ಗಳೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಇದೆ ಎಂದು ಅವರಿಗೆ ಹೇಳಿದವರಿರಲಿಲ್ಲ. ಹತ್ತಕ್ಕೂ ಹೆಚ್ಚು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಆ ಸುದ್ದಿ ಓದಿದ ದಿನ ನಾನು ಮನೆಯಲ್ಲಿ ಯಾರ ಜೊತೆಯೂ ಮಾತಾಡಲಿಲ್ಲ.

ಹಾಗಾಗಿ ಕಾರ್ಯದರ್ಶಿಗಳೇ, 112ಕ್ಕೋ 101ಕ್ಕೋ ಕರೆ ಮಾಡಿದಾಗ “ಹೊಗೆ ಬರುತ್ತಿದೆ ಬೇಗ ಬನ್ನಿ” ಎಂದರೆ ಸಾಲದು. ಏನು ವಸ್ತು, ಎಷ್ಟು ಕಿಲೋ, ಪಕ್ಕದಲ್ಲಿ ಏನಿದೆ, ಇಷ್ಟು ಹೇಳಿ. ಬಕೆಟ್ಟಿನ ಚೀಟಿಯ ಫೋಟೋ ಇವತ್ತೇ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಬೆಂಕಿ ಬಿದ್ದ ದಿನ ಬಗ್ಗಿ ಓದಲು ಹೋಗಬೇಡಿ.


ಮೂರನೇ ಮಹಡಿ · ಬೆಳಿಗ್ಗೆ 8:05

ಸೈರನ್ ಸರ್, ಓದುತ್ತ ಕಾಫಿ ಆರಿಹೋಯಿತು. ಪಕ್ಕದಲ್ಲಿ ಏನಿದೆ ಎಂದಿರಲ್ಲ, ಹೇಳಲು ನಾಚಿಕೆ. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಜನರೇಟರ್‌ಗೆ ಇಪ್ಪತ್ತು ಲೀಟರಿನ ಎರಡು ಕ್ಯಾನ್ ಡೀಸೆಲ್ ಇತ್ತು. ಗೋಡೆಯಾಚೆ ಕುಡಿಯುವ ನೀರಿನ ಸಂಪ್. ಕೋಣೆಯ ಹೊರಗೆ ಇಬ್ಬರು ಡ್ರೈವರ್‌ಗಳು ಚಾಪೆ ಹಾಸಿ ಮಲಗುತ್ತಾರೆ, ಆ ದಿನ ಅದೃಷ್ಟಕ್ಕೆ ಬೇಗ ಎದ್ದಿದ್ದರು.


ನಿವೃತ್ತ ಸೈರನ್ · ಬೆಳಿಗ್ಗೆ 8:20

ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಮೆಟ್ಟಿಲು ಹತ್ತುವುದಿಲ್ಲ, ನೆಲಮಾಳಿಗೆಯಲ್ಲೇ ಕೊಳದ ಹಾಗೆ ನಿಲ್ಲುತ್ತದೆ. ನೆಲದ ಮೇಲೆ ಮಲಗಿದವನ ಮೂಗಿಗೆ ಮೊದಲು ಸಿಗುತ್ತದೆ. ಇಂಥ ಸಾಮಾನನ್ನು ನೆಲಮಾಳಿಗೆಯಲ್ಲಿ ಇಡಲು ಹೇಳಿದವರು ಯಾರು ಎಂದು ನಾನು ಕೇಳುವುದಿಲ್ಲ, ಎಲ್ಲ ಕಡೆಯೂ ಹಾಗೆಯೇ ಇಡುತ್ತಾರೆ. ಹೊಗೆ ಕಂಡರೆ ಮೇಲಕ್ಕೆ, ಗಾಳಿ ಬರುವ ದಿಕ್ಕಿಗೆ ಹೋಗಬೇಕು. ಮೂಗಿಗೆ ಕಟ್ಟಿದ ಕರವಸ್ತ್ರ, ಕೋವಿಡ್ ಕಾಲದ ಮಾಸ್ಕ್ ಯಾವುದೂ ಇದನ್ನು ತಡೆಯುವುದಿಲ್ಲ. ನಾವೇ ಬೆನ್ನಿಗೆ ಉಸಿರಾಟದ ಸಿಲಿಂಡರ್ ಕಟ್ಟಿಕೊಂಡು ಇಳಿಯುತ್ತೇವೆ.

ಸಂಪಿನ ಮುಚ್ಚಳ ಭದ್ರವಿದೆಯೇ ನೋಡಿ. ನಂದಿಸಿದ ನೀರು ಎಲ್ಲಿಗೆ ಹರಿಯಿತು ಎಂಬುದನ್ನೂ ನೋಡಿ.


ಕಡಲಾಚೆ · ಬೆಳಿಗ್ಗೆ 9:12

ನಾನು ಅಟ್ಲಾಂಟಾ ಹತ್ತಿರ ಇದ್ದೇನೆ. ನಿಮ್ಮ ಬಕೆಟ್ಟಿನ ಕಥೆಯನ್ನೇ ಗೋದಾಮಿನ ಅಳತೆಯಲ್ಲಿ ಕಂಡಿದ್ದೇವೆ. 2024ರ ಸೆಪ್ಟೆಂಬರ್ 29, ಭಾನುವಾರ, ಕಾನ್ಯರ್ಸ್ ಎಂಬ ಊರಿನ ಈಜುಕೊಳ ರಾಸಾಯನಿಕಗಳ ಘಟಕ. ಬೆಂಕಿ ನಂದಿಸಲೆಂದು ಚಾವಣಿಗೆ ಹಾಕಿದ್ದ ಸ್ಪ್ರಿಂಕ್ಲರ್ ಕೆಟ್ಟು, ನೀರು ತಾಗಿದರೆ ಕೆರಳುವ ಸರಕಿನ ಮೇಲೆ ನೀರು ಬಿದ್ದಿತು ಎಂದು ಅಧಿಕಾರಿಗಳು ಹೇಳಿದರು. ಬೆಂಕಿ ಆರಿಸುವ ಸಾಧನವೇ ಬೆಂಕಿ ಹಚ್ಚಿದ್ದು! ಸುಮಾರು 17,000 ಜನರಿಗೆ ಮನೆ ಬಿಟ್ಟು ಹೊರಡಲು ಹೇಳಿದರು, ಹೆದ್ದಾರಿ ಮುಚ್ಚಿದರು. ಉಳಿದವರಿಗೆ ಮನೆಯಿಂದ ಹೊರಬರಬೇಡಿ, ಕಿಟಕಿ ಮುಚ್ಚಿ, ಎಸಿ ಆರಿಸಿ ಎಂದರು.

ನಾವು ಎರಡನೇ ಗುಂಪಿನವರು. ಬಾಗಿಲ ಸಂದಿಗೆ ಒದ್ದೆ ಪಂಚೆ ತುರುಕಿ ಕೂತೆವು. ಬೆಳಿಗ್ಗೆ ಎದ್ದರೆ ಊರೆಲ್ಲ ಆಗತಾನೆ ತೊಳೆದ ಬಚ್ಚಲಿನ ವಾಸನೆ. ಊರಿನಿಂದ ಅತ್ತೆ ಫೋನ್ ಮಾಡಿ, ಅಷ್ಟು ದೊಡ್ಡ ದೇಶದಲ್ಲಿ ಒಂದು ಸೂರು ಸೋರದ ಹಾಗೆ ನೋಡಿಕೊಳ್ಳಲಾಗುವುದಿಲ್ಲವೇ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.


ದ್ರಾಕ್ಷಿ ತೋಟ · ಬೆಳಿಗ್ಗೆ 10:40

ವಿಜಯಪುರದ ಕಡೆಯ ರೈತ ನಾನು. ಬೈರೂತ್‌ನಲ್ಲಿ 2020ರ ಆಗಸ್ಟ್ 4ರಂದು ಸಿಡಿದದ್ದೂ ಗೊಬ್ಬರವೇ ಎಂದು ಟಿವಿಯಲ್ಲಿ ನೋಡಿದ ಮೇಲೆ ನನಗೆ ಶೆಡ್ಡಿನ ಯೂರಿಯಾ ಚೀಲಗಳದ್ದೇ ಚಿಂತೆ. ಹನಿ ನೀರಾವರಿಗೆ ಬಿಡುವ 13-0-45 ಕೂಡ ಅಲ್ಲೇ ಇದೆ. ಮೇಷ್ಟ್ರು ಹೇಳಬೇಕು.


ಲ್ಯಾಬ್ ಮೇಷ್ಟ್ರು · ಮಧ್ಯಾಹ್ನ 1:15

ಯೂರಿಯಾ ಆಕ್ಸಿಡೈಸರ್ ಅಲ್ಲ ಗೌಡರೇ, ಅದು ಬೈರೂತ್ ಆಗುವುದಿಲ್ಲ. ಅಲ್ಲಿ ಬಂದರಿನ ಗೋದಾಮಿನಲ್ಲಿ ಆರು ವರ್ಷ ಬಿದ್ದಿದ್ದದ್ದು 2,750 ಟನ್ ಅಮೋನಿಯಂ ನೈಟ್ರೇಟ್. ಅದನ್ನು ನಮ್ಮಲ್ಲಿ ಅಂಗಡಿಯಲ್ಲಿ ಯೂರಿಯಾದಂತೆ ಮಾರುವುದಿಲ್ಲ, 2012ರ ಅಮೋನಿಯಂ ನೈಟ್ರೇಟ್ ನಿಯಮಗಳಂತೆ ಪರವಾನಗಿ ಬೇಕು. ಯೂರಿಯಾದ ಬಗ್ಗೆ ಒಂದೇ ಎಚ್ಚರಿಕೆ: ಬ್ಲೀಚಿಂಗ್ ಪೌಡರ್ ಜೊತೆ ಬೆರೆಯಬಾರದು. ಮತ್ತೆ ಅದೇ ಟ್ರೈಕ್ಲೋರೈಡ್.

ನೀವು ಚಿಂತಿಸಬೇಕಾದದ್ದು ಎರಡನೆಯ ಚೀಲದ ಬಗ್ಗೆ. 13-0-45 ಎಂದರೆ ಪೊಟ್ಯಾಸಿಯಂ ನೈಟ್ರೇಟ್, ನಮ್ಮ ಹಿರಿಯರ ಪೆಟ್ಲುಪ್ಪು. ಅಪ್ಪಟ ಆಕ್ಸಿಡೈಸರ್. ದ್ರಾಕ್ಷಿಯ ಬೂದಿರೋಗಕ್ಕೆ ಗಂಧಕ ಹೊಡೆಯುತ್ತೀರಲ್ಲ, ಅದನ್ನು ಎಲ್ಲಿ ಇಟ್ಟಿದ್ದೀರಿ?


ದ್ರಾಕ್ಷಿ ತೋಟ · ಮಧ್ಯಾಹ್ನ 1:32

ಅದರ ಮೇಲೆಯೇ. ಒಂದು ಗಂಧಕದ ಚೀಲ ಇಲಿ ಕಡಿದು ತೂತಾಗಿದೆ.


ಲ್ಯಾಬ್ ಮೇಷ್ಟ್ರು · ಮಧ್ಯಾಹ್ನ 1:34

ಪೆಟ್ಲುಪ್ಪು, ಗಂಧಕ. ಇದ್ದಿಲೊಂದು ಬಾಕಿ, ಕೋವಿಮದ್ದಿನ ಸಾಮಾನು ಪೂರ್ತಿಯಾಗುತ್ತದೆ. ದಯವಿಟ್ಟು ಇವತ್ತು ಸಂಜೆಯೊಳಗೆ ಗಂಧಕವನ್ನು ಬೇರೆ ಕೋಣೆಗೆ ಸಾಗಿಸಿ. ಉದುರಿದ್ದನ್ನು ಒಟ್ಟಿಗೆ ಗುಡಿಸಿ ಒಂದೇ ಚೀಲಕ್ಕೆ ತುಂಬಬೇಡಿ. ಬೀಡಿ ಸೇದುವ ಆಳುಗಳಿದ್ದರೆ ಈ ಒಂದು ದಿನ ಅವರಿಗೆ ರಜೆ ಕೊಡಿ.


ಬಣ್ಣದ ಮನೆ · ಮಧ್ಯಾಹ್ನ 3:20

ರಬಕವಿ ಬನಹಟ್ಟಿ ಕಡೆ ನೂಲಿನ ಸಂಸ್ಕರಣೆಯಲ್ಲಿ ಕೆಲಸ ಮಾಡಿದವನು ನಾನು. ಪೆರಾಕ್ಸೈಡ್ ಬಗ್ಗೆ ನಾಲ್ಕು ಮಾತು.

ನೂಲು ಬಿಳಿ ಮಾಡಲು ನೂರಕ್ಕೆ ಐವತ್ತರ ಹೈಡ್ರೋಜನ್ ಪೆರಾಕ್ಸೈಡ್ ಕ್ಯಾನ್‌ಗಳಲ್ಲಿ ಬರುತ್ತದೆ. ನೋಡಲು ನೀರು. ಅದರ ಮುಚ್ಚಳದಲ್ಲಿ ಉಸಿರಾಡಲು ಸಣ್ಣ ಕಿಂಡಿ ಇರುತ್ತದೆ, ಏಕೆಂದರೆ ಅದು ಸುಮ್ಮನೆ ಇಟ್ಟರೂ ಚೂರುಚೂರೇ ಆಕ್ಸಿಜನ್ ಬಿಡುತ್ತಿರುತ್ತದೆ. ನಮ್ಮಲ್ಲಿ ಹೊಸದಾಗಿ ಬಂದ ಒಬ್ಬ, ಮುಚ್ಚಳ ತೂತಾಗಿದೆ ಎಂದು ಬೇರೆ ಕ್ಯಾನಿನ ಗಟ್ಟಿ ಮುಚ್ಚಳ ತಿರುಗಿಸಿ ಹಾಕಿದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಅದೇ ಕ್ಯಾನಿಗೆ, ತುಕ್ಕು ಹಿಡಿದ ಕಬ್ಬಿಣದ ಬೋಗುಣಿಯಲ್ಲಿ ಉಳಿದಿದ್ದ ಪೆರಾಕ್ಸೈಡನ್ನೂ ವಾಪಸ್ ಸುರಿದಿದ್ದ. ಮಧ್ಯಾಹ್ನದ ಊಟ ಮುಗಿಸಿ ಬಂದರೆ ಕ್ಯಾನಿನ ನಾಲ್ಕೂ ಬದಿ ಉಬ್ಬಿ ಗುಂಡಗಾಗಿದೆ. ಮುಟ್ಟಿದ ಮೇಸ್ತ್ರಿ ಕೈ ಹಿಂದೆ ಎಳೆದುಕೊಂಡರು, ಬಿಸಿಬಿಸಿ. ತಿರುಗಿಸಿ ತೆಗೆಯಲು ಹೋಗಲಿಲ್ಲ, ಅದು ಅವರ ಪುಣ್ಯ. ಎಲ್ಲರನ್ನೂ ಹೊರಗೆ ಕಳಿಸಿ, ಗೋಡೆಯ ಮರೆಯಲ್ಲಿ ನಿಂತು ಪೈಪಿನಿಂದ ಕ್ಯಾನಿನ ಮೇಲೆ ತಣ್ಣೀರು ಬಿಡುತ್ತ ಅಗ್ನಿಶಾಮಕದವರಿಗೆ ಫೋನ್ ಮಾಡಿಸಿದರು. ಕೊನೆಗೆ ಕ್ಯಾನ್ ತಳದಲ್ಲಿ ಸೀಳಿತು. ಅಂಗಳವಾದ್ದರಿಂದ ನೀರಿನ ಜೊತೆ ಹರಿದು ಹೋಯಿತು. ಮರದ ಹಲಗೆಯ ಮೇಲೆ ಬಿದ್ದಿದ್ದು ಮಾತ್ರ ಒಣಗುತ್ತ ಒಣಗುತ್ತ ಹೊಗೆಯಾಡಿತು.

ಹೊರಗೆ ತೆಗೆದದ್ದನ್ನು ಮತ್ತೆ ಮೂಲ ಡಬ್ಬಕ್ಕೆ ಹಾಕಬಾರದು ಎಂಬ ನಿಯಮವನ್ನು ನಾನು ಗಂಜಿಯಿಂದ ಹಿಡಿದು ಉಪ್ಪಿನಕಾಯಿಯವರೆಗೆ ಈಗ ಎಲ್ಲದಕ್ಕೂ ಪಾಲಿಸುತ್ತೇನೆ.


ನಿವೃತ್ತ ಸೈರನ್ · ಸಂಜೆ 4:05

ಆ ಮೇಸ್ತ್ರಿಗೆ ನನ್ನ ಸಲಾಮು. ಬಿಸಿಯಾದ ಕ್ಯಾನಿನ ಹತ್ತಿರ ಅವರು ನಿಂತದ್ದು ಮಾತ್ರ ನನಗೆ ಒಪ್ಪಿಗೆಯಿಲ್ಲ, ಪೈಪನ್ನು ಕಟ್ಟಿ ಇಟ್ಟು ಬರಬೇಕಿತ್ತು.

ಚೆಲ್ಲಿದ್ದರ ಬಗ್ಗೆ ಇನ್ನೊಂದು. ಡೀಸೆಲ್ ಚೆಲ್ಲಿದರೆ ಮರದ ಹೊಟ್ಟು ಹಾಕಿ ಹೀರಿಸುವ ರೂಢಿ ಎಲ್ಲ ಗ್ಯಾರೇಜುಗಳಲ್ಲೂ ಇದೆ. ಅದೇ ಕೈ ಇಲ್ಲಿಯೂ ಹೊಟ್ಟು, ಗೋಣಿಚೀಲ, ಹತ್ತಿಬಟ್ಟೆ ಹುಡುಕುತ್ತದೆ. ನೈಟ್ರಿಕ್ ಆಮ್ಲಕ್ಕೋ ಪೆರಾಕ್ಸೈಡಿಗೋ ಹೊಟ್ಟು ಹಾಕಿದರೆ ಒಲೆಗೆ ಸೌದೆ ಒಟ್ಟಿದಂತೆ. ಒಣ ಮರಳು ನಡೆಯುತ್ತದೆ. ಒಣಗಿರುವ, ತಣ್ಣಗಿರುವ ಪುಡಿ ಒಂದಿಷ್ಟು ಚೆಲ್ಲಿದ್ದರೆ ಮಾತ್ರ ಶುಭ್ರವಾದ ಪ್ಲಾಸ್ಟಿಕ್ ಮೊರದಲ್ಲಿ ಎತ್ತಿ ಶುಭ್ರವಾದ ಒಣ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ ಬಯಲಿಗೆ ಒಯ್ಯಬಹುದು, ಮುಚ್ಚಳ ಬಿಗಿಯಬಾರದು. ಕಸದ ಗಾಡಿಗೆ ಕೊಡಬಾರದು. ಒದ್ದೆಯಾಗಿದ್ದರೆ, ಬೆಚ್ಚಗಿದ್ದರೆ, ಸದ್ದು ಬರುತ್ತಿದ್ದರೆ ಮುಟ್ಟಬೇಡಿ. ದೂರದ ಲೆಕ್ಕ ಕೇಳುತ್ತೀರಾದರೆ, ಬರೀ ಚೆಲ್ಲಿದ ಪುಡಿಗೆ ಸುತ್ತ ಇಪ್ಪತ್ತೈದು ಮೀಟರ್, ದ್ರವಕ್ಕೆ ಐವತ್ತು. ಲಾರಿ ತುಂಬ ಸರಕಿಗೆ ಬೆಂಕಿ ತಗಲಿದರೆ ಎಂಟುನೂರು ಮೀಟರ್. ಅಮೋನಿಯಂ ನೈಟ್ರೇಟಿನ ಟ್ಯಾಂಕರ್ ಆದರೆ ಅದರ ಎರಡರಷ್ಟು, ಒಂದು ಮೈಲಿ.

ಹೆದ್ದಾರಿಯಲ್ಲಿ ಲಾರಿಯ ಹಿಂದೆ ಹೋಗುವಾಗ ನೋಡಿ. ಹಳದಿ ಬಣ್ಣದ ವಜ್ರಾಕಾರದ ಗುರುತು, ಒಂದು ವೃತ್ತದ ಮೇಲೆ ಜ್ವಾಲೆ, ಕೆಳಗೆ 5.1 ಎಂಬ ಅಂಕಿ. ಅದು ಆಕ್ಸಿಡೈಸರ್. ಪಕ್ಕದಲ್ಲಿ ನಾಲ್ಕು ಅಂಕಿಯ ವಿಶ್ವಸಂಸ್ಥೆ ಸಂಖ್ಯೆ ಇರುತ್ತದೆ. 2014 ಎಂದಿದ್ದರೆ ಅದು ವರ್ಷವಲ್ಲ, ಪೆರಾಕ್ಸೈಡ್. 1942 ಅಮೋನಿಯಂ ನೈಟ್ರೇಟ್. 2031 ನೈಟ್ರಿಕ್ ಆಮ್ಲ. ಈ ಫಲಕ ಬರೆಸಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಅಪಘಾತ ಕಂಡರೆ ವಿಡಿಯೊ ಮಾಡುವ ಬದಲು ಆ ನಾಲ್ಕು ಅಂಕಿಯನ್ನು ದೂರದಿಂದ ಓದಿ ಫೋನಿನಲ್ಲಿ ಹೇಳಿದರೆ ನಮ್ಮ ಹುಡುಗರು ದಾರಿಯಲ್ಲೇ ತಯಾರಿ ಮಾಡಿಕೊಳ್ಳುತ್ತಾರೆ.


ಸಂಶಯ ಪಿಶಾಚಿ · ಸಂಜೆ 4:31

ಅಂದರೆ ಸಾಮಾನ್ಯ ಮನುಷ್ಯ ಓಡುವುದೊಂದೇ ಮಾಡಬೇಕೇ? ಸೆಕ್ಯುರಿಟಿಯವರು ಧೈರ್ಯ ಮಾಡಿದ್ದಕ್ಕೆ ಎಲ್ಲರೂ ಸೇರಿ ಅವರನ್ನೇ ತಪ್ಪಿತಸ್ಥರನ್ನಾಗಿ ಮಾಡಿದಂತೆ ಕಾಣುತ್ತದೆ.


ನಿವೃತ್ತ ಸೈರನ್ · ಸಂಜೆ 4:50

ಅವರ ಮೇಲೆ ಒಂದು ಮಾತೂ ಇಲ್ಲ. ಕಾಗದದ ಬೆಂಕಿ, ಎಣ್ಣೆಯ ಬೆಂಕಿ, ವಿದ್ಯುತ್ತಿನ ಬೆಂಕಿ ಎಂದು ಮೂರಕ್ಕೆ ತರಬೇತಿ ಕೊಟ್ಟು, ನಾಲ್ಕನೆಯದನ್ನು ಅವರ ಕೋಣೆಯಲ್ಲಿ ಇಟ್ಟವರ ಮೇಲೆ ಇದೆ. ಓಡುವುದೊಂದೇ ಅಲ್ಲ. ಡ್ರೈವರ್‌ಗಳನ್ನು ಎಬ್ಬಿಸುವುದು, ಲಿಫ್ಟ್ ನೆಲಮಾಳಿಗೆಗೆ ಇಳಿಯದಂತೆ ತಡೆಯುವುದು, ಗೇಟಿನಲ್ಲಿ ನಿಂತು ನಮ್ಮ ವಾಹನಕ್ಕೆ ದಾರಿ ತೋರಿಸಿ ಚೀಟಿಯ ಫೋಟೋ ಕೈಗೆ ಕೊಡುವುದು, ಇದೆಲ್ಲ ಯಾರು ಮಾಡುತ್ತಾರೆ?


ರಾತ್ರಿ ಪಾಳಿ · ರಾತ್ರಿ 9:05

ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್ ಆಗಿದ್ದೇನೆ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹದಿನೈದು ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ, ಗಡಿಯಾರ ನೋಡಿಕೊಂಡು. ನಿಂಬೆರಸ, ಸೋಡಾ, ಹಾಲು ಹಾಕಿ ‘ಸರಿದೂಗಿಸಲು’ ಹೋಗಬೇಡಿ. ಬಟ್ಟೆಗೆ ತಗಲಿದ್ದರೆ ತಕ್ಷಣ ಕಳಚಿ ನೀರಿನಲ್ಲಿ ಮುಳುಗಿಸಿ. ಮೂಲೆಗೆ ಎಸೆದ ಪ್ಯಾಂಟು ಒಣಗಿದ ಮೇಲೆ ಹೊತ್ತಿಕೊಳ್ಳಬಹುದು. ಚಪ್ಪಲಿಯ ಚರ್ಮವೂ ಹಾಗೆಯೇ.

ಒಂದು ಸಂಜೆ ಚಿನ್ನದ ಕೆಲಸದ ಹುಡುಗನೊಬ್ಬ ಬಂದಿದ್ದ. ಇಕ್ಕಟ್ಟಾದ ಕೋಣೆಯಲ್ಲಿ ನೈಟ್ರಿಕ್ ಆಮ್ಲ ಉರುಳಿ ಕಂದು ಹೊಗೆ ಎದ್ದಿತ್ತಂತೆ. ಸ್ವಲ್ಪ ಕೆಮ್ಮು, ಅಷ್ಟೆ. ನಗುನಗುತ್ತ, ಮನೆಗೆ ಹೋಗುತ್ತೇನೆ ಸಿಸ್ಟರ್, ನಾಳೆ ಆರ್ಡರ್ ಕೊಡಬೇಕು ಎಂದ. ಡಾಕ್ಟರು ಬಿಡಲಿಲ್ಲ. ನಸುಕಿನ ಮೂರು ಗಂಟೆಗೆ ಹಾಸಿಗೆಯಲ್ಲಿ ಎದ್ದು ಕೂತು ಉಸಿರಿಗೆ ಒದ್ದಾಡತೊಡಗಿದ, ತುಟಿ ನೀಲಿಯಾಗಿತ್ತು. ಕಂದು ಹೊಗೆ ಶ್ವಾಸಕೋಶದಲ್ಲಿ ನೀರು ತುಂಬಿಸುವುದು ಒಮ್ಮೊಮ್ಮೆ ಒಂದು ದಿನ ಕಳೆದ ಮೇಲೆ. ಅವನು ಬದುಕಿದ. ಆ ರಾತ್ರಿ ಮನೆಗೆ ಹೋಗಿದ್ದರೆ ಎಂದು ನಾನು ಈಗಲೂ ಲೆಕ್ಕ ಹಾಕುತ್ತೇನೆ. ನಿಮ್ಮ ಸೆಕ್ಯುರಿಟಿಯವರನ್ನು ಒಂದು ದಿನ ಉಳಿಸಿಕೊಂಡದ್ದು ಸರಿಯಾಗಿದೆ. ಹೊಗೆ ಕುಡಿದವರು ಇನ್ನೂ ಯಾರಾದರೂ ಇದ್ದರೆ ಕೆಮ್ಮು, ಎದೆಬಿಗಿತ ಉಳಿದಿದೆಯೇ ಎಂದು ವಿಚಾರಿಸಿ.


ಮೂರನೇ ಮಹಡಿ · ಬುಧವಾರ, ರಾತ್ರಿ 8:30

ಎಲ್ಲರಿಗೂ ಋಣಿ. ಆದದ್ದು ಇಷ್ಟು. ಸಿಲಿಂಡರ್ ಪ್ರಸ್ತಾವ ತಡೆಹಿಡಿದಿದ್ದೇವೆ. ಖಜಾಂಚಿಯವರು ಮುನಿಸಿಕೊಂಡಿದ್ದಾರೆ. ಡೀಸೆಲ್ ಹೊರಗೆ ಹೋಯಿತು. ಕ್ಲೋರಿನ್ ಇನ್ನು ಮುಂದೆ ಒಂದೇ ಬಗೆಯದು, ನೆಲಮಾಳಿಗೆಯಲ್ಲಿ ಅಲ್ಲ, ಕೊಳದ ಪಕ್ಕ ಗಾಳಿಯಾಡುವ, ಮಳೆ ಬೀಳದ ಗೂಡಿನಲ್ಲಿ, ಎರಡು ವಾರಕ್ಕೆ ಬೇಕಾದಷ್ಟು ಮಾತ್ರ. ಮಾರಿದವರಿಂದ ಸುರಕ್ಷತಾ ಮಾಹಿತಿ ಪತ್ರ ಕೇಳಿದೆವು, ಮೂರು ಸಲ ಕೇಳಿದ ಮೇಲೆ ಕೊಟ್ಟರು. ಕೊಳದ ಹುಡುಗನಿಗೆ ನಾನೇ ಕೂತು ಕನ್ನಡದಲ್ಲಿ ಬರೆದುಕೊಟ್ಟೆ. ಅವನು ಓದಿ, “ಇದನ್ನು ಮೊದಲೇ ಬಕೆಟ್ ಮೇಲೆ ಬರೆಯಬಹುದಿತ್ತಲ್ಲ ಸರ್” ಎಂದ.

ಪಂಪ್ ಕೋಣೆ ಪೂರ್ತಿ ತೊಳೆದು ಒಣಗಿಸಿದೆವು.


ನೀರುಗಂಟಿ · ರಾತ್ರಿ 8:44

ಹರಳಿದ್ದ ಖಾಲಿ ಬಕೆಟ್ ಏನಾಯಿತು ಸರ್? ನಮ್ಮ ಕಡೆ ಖಾಲಿ ಬಕೆಟ್ ಎಂದರೆ ಅರ್ಧ ಗಂಟೆಯಲ್ಲಿ ಯಾರದ್ದೋ ಮನೆಗೆ ಹೋಗಿರುತ್ತದೆ.


ಮೂರನೇ ಮಹಡಿ · ರಾತ್ರಿ 9:20

ನೀವು ಕೇಳಿದ ಮೇಲೆ ಕೆಳಗಿಳಿದು ಹುಡುಕಿದೆ. ಗೇಟಿನ ಪಕ್ಕದ ಸೆಕ್ಯುರಿಟಿ ಕೋಣೆಯಲ್ಲಿ ಸಿಕ್ಕಿತು, ಮಂಚದ ಕೆಳಗೆ. ತಳದಲ್ಲಿ ಬೆರಳು ತಾಗುವಷ್ಟು ಬಿಳಿ ಪುಡಿ ಇನ್ನೂ ಅಂಟಿಕೊಂಡಿದೆ. ಒಳಗೆ ಸೈಕಲ್ ಚೈನ್ ಒರೆಸಿದ ಎಣ್ಣೆಬಟ್ಟೆಗಳನ್ನು ತುಂಬಿಸಿಟ್ಟಿದ್ದಾರೆ.


ನಿವೃತ್ತ ಸೈರನ್ · ರಾತ್ರಿ 9:21

ಮುಟ್ಟಿ ನೋಡಬೇಡಿ, ಇಣುಕಬೇಡಿ. ಮೊದಲು ಆ ಕೋಣೆಯಲ್ಲಿ ಇರುವವರನ್ನು ಹೊರಗೆ ಕರೆಯಿರಿ. ಬಿಸಿ, ಹೊಗೆ, ವಾಸನೆ ಏನಾದರೂ ಇದೆಯೇ? ನನಗೆ ಫೋನ್ ಮಾಡಲು ಸಂದೇಶದಲ್ಲಿ ಸಂಖ್ಯೆ ಕಳಿಸಿದ್ದೇನೆ. ಹೊಗೆ ಇದ್ದರೆ ನನಗಲ್ಲ, 112ಕ್ಕೆ.


ಮೂರನೇ ಮಹಡಿ · ರಾತ್ರಿ 10:03

ಹೊಗೆ ಇರಲಿಲ್ಲ, ತಣ್ಣಗಿತ್ತು. ಸರ್ ಫೋನಿನಲ್ಲೇ ಇದ್ದು ಹೇಳಿದಂತೆ ಅಂಗಳದ ನಡುವೆ ಇಟ್ಟು, ದೂರದಿಂದ ತೋಟದ ಪೈಪಿನಲ್ಲಿ ತುಂಬಿ ಹರಿಯುವವರೆಗೆ ನೀರು ಬಿಟ್ಟಿದ್ದೇವೆ. ಬಟ್ಟೆಗಳು ನೀರಿನಲ್ಲಿ ಮುಳುಗಿವೆ. ಸೆಕ್ಯುರಿಟಿಯವರು ಕುರ್ಚಿ ಹಾಕಿಕೊಂಡು ಸಾಕಷ್ಟು ದೂರದಲ್ಲಿ ಕಾವಲು ಕೂತಿದ್ದಾರೆ. ಮಂಚವನ್ನೂ ಹೊರಗೆ ಎಳೆದುಕೊಂಡಿದ್ದಾರೆ.